ಬಾಗಿಲಾಚೆ ನಿಂತ ದೇವರು

ಮನುಷ್ಯನು ನಗುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಬಹು ವಿಚಿತ್ರವಾದುದು, ಮತ್ತೊಬ್ಬನ ಪೇಚಾಟವನ್ನು ಕಂಡು ನಗುವ ನಗೆ. ಬೀಗರ ಮನೆಗೆ ಹೋದವನು ಆಡಬಾರದ ಒಂದು ಮಾತನ್ನು ಆಡಿಬಿಡುತ್ತಾನೆ. ಅದನ್ನು ಸರಿಪಡಿಸಲೆಂದು ಇನ್ನೊಂದು ಮಾತು ಸೇರಿಸುತ್ತಾನೆ. ಅದು ಮೊದಲಿನದಕ್ಕಿಂತ ಕೆಟ್ಟದಾಗುತ್ತದೆ. ನೋಡುವವರಿಗೆ ಒಂದು ಕಡೆ ಮೈ ಮುದುಡುತ್ತದೆ, ಇನ್ನೊಂದು ಕಡೆ ನಗೆ ಉಕ್ಕುತ್ತದೆ. ಸಾಕು ಮಾಡಪ್ಪ ಎಂದು ಒಳಗೊಳಗೇ ಅನ್ನುತ್ತಲೇ, ಮುಂದೇನಾಗುವುದೋ ನೋಡೋಣವೆಂದು ಕಾದು ಕುಳಿತಿರುತ್ತೇವೆ.

ಈ ಬಗೆಯ ನಗೆಯನ್ನೇ ಬಂಡವಾಳ ಮಾಡಿಕೊಂಡ ಟಿ.ವಿ. ಹಾಸ್ಯಕ್ಕೆ ಇಂದು ಲೋಕದಲ್ಲೆಲ್ಲ ಬೆಲೆ ಬಂದಿದೆ. ಅಮೆರಿಕದಲ್ಲಿ 2000ದಿಂದ 2024ರ ವರೆಗೆ ನಡೆದ 'ಕರ್ಬ್ ಯುವರ್ ಎಂತೂಸಿಯಾಸಂ' ಎಂಬ ಧಾರಾವಾಹಿ ಇದಕ್ಕೆ ಹೆಸರಾದುದು. ಅದರಲ್ಲಿ ಲ್ಯಾರಿ ಡೇವಿಡ್ ಎಂಬ ನಟನು ತನ್ನ ಹೆಸರಿನಲ್ಲಿಯೇ ಕಾಣಿಸಿಕೊಂಡು, ಹೋದ ಹೋದಲ್ಲಿ ಶಿಷ್ಟಾಚಾರದ ಗೆರೆಯನ್ನು ತುಳಿದು ಫಜೀತಿಗೆ ಬೀಳುತ್ತಾನೆ. ಕಥೆಯ ಸಂಧಿಗಳನ್ನು ಕೆಲವೇ ಪುಟಗಳಲ್ಲಿ ಬರೆದುಕೊಂಡು, ಮಾತುಗಳನ್ನು ಬಹುಮಟ್ಟಿಗೆ ನಟರ ಬಾಯಿಗೇ ಬಿಟ್ಟುಬಿಡುವುದು ಅದರ ಪದ್ಧತಿ. ಇದೊಂದು ಹೊಸ ಉಪಾಯವೆಂದು ನಮ್ಮ ತರುಣರು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಮರ್ಯಾದೆಯ ಎಡವಟ್ಟೇ ವಸ್ತು, ಬರೆದಿಡದ ಮಾತೇ ರೀತಿ ಎಂಬ ಈ ಜೋಡಿ ಕೃಷ್ಣಾ-ಘಟಪ್ರಭೆಗಳ ನಡುವಿನ ನಮ್ಮ ಸೀಮೆಗೆ ಹೊಸದಲ್ಲ. ಬನಹಟ್ಟಿ, ರಬಕವಿ, ತೇರದಾಳ, ಮುಧೋಳಗಳ ಸುತ್ತಿನ ಜನ 'ಶ್ರೀಕೃಷ್ಣ ಪಾರಿಜಾತ'ವೆಂಬ ಬಯಲಾಟದಲ್ಲಿ ಅದನ್ನು ನೂರು ವರ್ಷಕ್ಕೂ ಹಿಂದಿನಿಂದ ರಾತ್ರಿಯೆಲ್ಲ ಕುಳಿತು ನೋಡಿ ಬಂದವರು.

ಪಾರಿಜಾತದ ಕಥೆ ಎಲ್ಲರಿಗೂ ತಿಳಿದುದೇ. ಹರಿವಂಶದಲ್ಲಿ ಅದರ ಬೇರು ಇದೆ. ನಾರದನು ದೇವಲೋಕದ ಒಂದು ಹೂವನ್ನು ತಂದು ಕೃಷ್ಣನ ಕೈಯಲ್ಲಿಡುತ್ತಾನೆ. ಕೃಷ್ಣನು ಅದನ್ನು ಹತ್ತಿರದಲ್ಲಿಯೇ ಇದ್ದ ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಸತ್ಯಭಾಮೆಯ ಮನೆಯನ್ನು ಮುಟ್ಟುತ್ತದೆ. ಮುಂದಿನದೆಲ್ಲ ಅವಳ ಮುನಿಸು, ಅವನ ಓಲೈಕೆ. ವಿಜಯನಗರದಲ್ಲಿ ಕೃಷ್ಣದೇವರಾಯನು ಆಳುತ್ತಿದ್ದಾಗ (1509-1529) ಅವನ ಆಸ್ಥಾನದ ನಂದಿ ತಿಮ್ಮನನು ಇದೇ ಕಥೆಯನ್ನು ತೆಲುಗಿನಲ್ಲಿ ಪ್ರಬಂಧವಾಗಿ ರಚಿಸಿದನು. ಮುನಿದ ಸತ್ಯಭಾಮೆ ಕೃಷ್ಣನ ತಲೆಯನ್ನು ಕಾಲಿನಿಂದ ತಳ್ಳುವ ಪ್ರಸಂಗ ಅದರಲ್ಲಿ ಪ್ರಸಿದ್ಧ. ಕನ್ನಡದಲ್ಲಿ ಈ ಕಥೆಯನ್ನು ಆಟಕ್ಕೆ ಅಳವಡಿಸಿದವರೆಂದು ಇಬ್ಬರು ತಮ್ಮಣ್ಣರ ಹೆಸರು ಬರುತ್ತದೆ: ಮೂಲವನ್ನು ಕಟ್ಟಿದವನು ಅಪರಾಳ ತಮ್ಮಣ್ಣ, ಅದನ್ನು ಬೆಳೆಸಿ, ತಿದ್ದಿ, ಜನರ ಮುಂದೆ ಕುಣಿಸಿದವನು ಕುಲಗೋಡ ತಮ್ಮಣ್ಣ. ಹಿಂದೆ ಗೋಕಾಕ ತಾಲೂಕಿಗೆ ಸೇರಿದ್ದ ಕುಲಗೋಡಿನಿಂದ ಹೊರಟ ಈ ಆಟ 19ನೆಯ ಶತಮಾನದಲ್ಲಿ ಸುತ್ತಲಿನ ಸೀಮೆಗೆಲ್ಲ ಹಬ್ಬಿತು. ಅದೇ ಸೀಮೆಯ ಕೌಜಲಗಿಯ ನಿಂಗಮ್ಮನ ಹೆಸರಂತೂ ಪಾರಿಜಾತದೊಂದಿಗೆ ಬೇರ್ಪಡಿಸಲಾರದಂತೆ ಬೆರೆತುಹೋಗಿದೆ.

ಆಗ ಈ ನಾಡು ಹಲವು ದೊರೆಗಳ ಕೈಯಲ್ಲಿ ಹರಿದು ಹಂಚಿಹೋಗಿತ್ತೆಂಬುದನ್ನು ಇಲ್ಲಿ ಸ್ಮರಿಸಬೇಕು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ಅವರ ಸುತ್ತ ಇಂಗ್ಲಿಷರ ಮುಂಬಯಿ ಇಲಾಖೆ. ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ವಿಜಾಪುರ ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಬಂದವು, 1997ರಲ್ಲಿ ಬಾಗಲಕೋಟೆ ಜಿಲ್ಲೆಗೆ ಸೇರಿದವು. ಕಚೇರಿಯ ಭಾಷೆ, ಕಂದಾಯದ ಕಟ್ಟಳೆ, ದೊರೆಯ ಹೆಸರು ಎಲ್ಲ ಬದಲಾದವು. ಪಾರಿಜಾತದ ಮೇಳಕ್ಕೆ ಮಾತ್ರ ಈ ಗಡಿಗಳಾವುವೂ ಅಡ್ಡಬರಲಿಲ್ಲ. ದೊರೆಗಳ ಸಂಗಡಲೇ ಬಾಳಿದ ಜನ, ದೊರೆಯೊಬ್ಬನು ಮನೆಯ ಬಾಗಿಲಲ್ಲಿ ಸಿಕ್ಕಿಬೀಳುವ ಆಟವನ್ನು ಇಷ್ಟು ಪ್ರೀತಿಯಿಂದ ನೋಡಿದರೆಂಬುದು ಅರ್ಥವಿಲ್ಲದ ಸಂಗತಿಯಲ್ಲ.

ಕೃಷ್ಣನ ತಪ್ಪಾದರೂ ಏನು? ಅವನು ಕಳ್ಳತನ ಮಾಡಲಿಲ್ಲ, ಸುಳ್ಳು ಹೇಳಲಿಲ್ಲ, ಕೊಟ್ಟ ಮಾತಿಗೆ ತಪ್ಪಲಿಲ್ಲ. ಕೈಗೆ ಬಂದ ಹೂವನ್ನು ಹೆಂಡತಿಗೆ ಕೊಟ್ಟನು. ಧರ್ಮಶಾಸ್ತ್ರದಲ್ಲಿ ಇದಕ್ಕೆ ಪ್ರಾಯಶ್ಚಿತ್ತವಿಲ್ಲ. ಆದರೆ ಹೂವು ಒಂದು, ಮನೆ ಎರಡು ಎಂಬುದನ್ನು ಅವನು ಆ ಕ್ಷಣಕ್ಕೆ ಮರೆತನು. ಇದು ಪಾಪವಲ್ಲ, ಔಚಿತ್ಯದ ಲೋಪ. ಇದರ ಭಾರ ಎಷ್ಟೆಂಬುದು ಮದುವೆ ಮನೆಯಲ್ಲಿ ಆಯೇರಿ ಮಾಡುವಾಗ ಯಾರಿಗೆ ಮೊದಲು ಕೊಡಬೇಕೆಂದು ತಡವರಿಸಿದವರಿಗೆಲ್ಲ ಗೊತ್ತು. ಸೀರೆ ನೇಯುವ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಎರಡು ಸೀರೆಗಳ ಬೆಲೆಯಲ್ಲಿ ನಾಲ್ಕಾಣೆಯ ವ್ಯತ್ಯಾಸ ಕಂಡರೆ ನಾಲ್ಕು ವರ್ಷ ಮಾತು ನಿಂತುಹೋದೀತು. 11ನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನು ವಿವರಿಸುವಾಗ, ಸೊಂಟದ ಡಾಬನ್ನು ಕೊರಳಿಗೆ ಹಾಕಿಕೊಂಡವರನ್ನು ಕಂಡು ಯಾರು ತಾನೆ ನಗುವುದಿಲ್ಲವೆಂಬ ಅರ್ಥದ ಮಾತನ್ನು ಹೇಳಿದ್ದಾನೆ. ಒಡವೆಯಲ್ಲಿ ದೋಷವಿಲ್ಲ, ದೋಷ ಇಟ್ಟ ಜಾಗದಲ್ಲಿದೆ. ಪಾರಿಜಾತದ ಹೂವೂ ಅಂಥದೇ ಒಂದು ಒಡವೆ.

ಇನ್ನು ಆಟದ ರೀತಿಯನ್ನು ನೋಡೋಣ. ಪಾರಿಜಾತದಲ್ಲಿ ಹಾಡುಗಳು ಕಟ್ಟಿಟ್ಟವು. ಅವುಗಳ ರಾಗ, ತಾಳ, ಬರುವ ಸ್ಥಾನ ಎಲ್ಲವೂ ಗುರುವಿನಿಂದ ಶಿಷ್ಯನಿಗೆ ಬಂದುವು. ಆದರೆ ಹಾಡಿಗೂ ಹಾಡಿಗೂ ನಡುವಿನ ಮಾತನ್ನು ನಟರು ಆಯಾ ರಾತ್ರಿ ನಿಂತ ನಿಲುವಿನಲ್ಲೇ ಹುಟ್ಟಿಸಬೇಕು. ಬನಹಟ್ಟಿಯ ನೇಕಾರರ ಮಾತಿನಲ್ಲಿ ಹೇಳುವುದಾದರೆ, ಹಾಡು ಹಾಸು, ಮಾತು ಹೊಕ್ಕು. ಹಾಸನ್ನು ಮೊದಲೇ ಮಗ್ಗಕ್ಕೆ ಏರಿಸಿರುತ್ತಾರೆ. ಲಾಳಿ ಓಡಿದಾಗಲೇ ಬಟ್ಟೆಯಾಗುವುದು. ಈ ಮಾತಿನ ಹೊಣೆ ಹೆಚ್ಚಾಗಿ ಇಬ್ಬರ ಮೇಲಿರುತ್ತದೆ. ಒಬ್ಬನು ಭಾಗವತ, ರಂಗಕ್ಕೆ ಬಂದವರನ್ನೆಲ್ಲ ಯಾರು ನೀವು, ಎಲ್ಲಿಂದ ಬಂದಿರಿ ಎಂದು ಕೆದಕುವವನು. ಇನ್ನೊಬ್ಬಳು ದೂತಿ. ಕಥೆಯಲ್ಲಿ ಇವಳದು ಸೇವಕಿಯ ಸ್ಥಾನ; ಆಟದಲ್ಲಿ ಮಾತ್ರ ಅವಳ ಮಾತು ದಾಟಿಯೇ ದೊರೆಯೂ ಮುಂದೆ ಹೋಗಬೇಕು.

ಆ ಮಾತಿನ ಧಾಟಿ ಹೇಗಿರುತ್ತದೆಂಬುದನ್ನು ತಿಳಿಸಲು ಇಲ್ಲಿ ಒಂದು ಮಾದರಿಯನ್ನು ಕಟ್ಟಿಕೊಡುತ್ತೇನೆ. ಕೃಷ್ಣನು ಮುನಿದ ಮಡದಿಯ ಬಾಗಿಲಿಗೆ ಬಂದಿದ್ದಾನೆ ಎಂದುಕೊಳ್ಳಿ.

"ಯಾರದು ಬಾಗ್ಲಾ ಬಡಿಯೋರು?"

"ನಾನು, ಕೃಷ್ಣ."

"ಯಾವ ಕೃಷ್ಣ? ನಮ್ಮ ಓಣ್ಯಾಗ ನಾಕ ಮಂದಿ ಕೃಷ್ಣ ಅದಾರು."

"ದ್ವಾರಕಿ ದೊರಿ ನಾನು."

"ದೊರಿ ಆದಮ್ಯಾಲ ಹೊತ್ತಲ್ಲದ ಹೊತ್ತಿನ್ಯಾಗ, ಹಿಂಬಾಗ್ಲಕ್ಕ ಯಾಕ ಬಂದ್ರಿ? ಮುಂಬಾಗ್ಲಾ ರುಕ್ಮಿಣಿಬಾಯಾರ ಕಡೆ ಐತೇನು?"

ಇದಕ್ಕೆ ದೊರೆ ಏನು ಹೇಳಬೇಕು? ಹೌದೆಂದರೆ ಒಳಗಿದ್ದವಳು ಕೇಳುತ್ತಾಳೆ. ಅಲ್ಲವೆಂದರೆ ಜನ ನಗುತ್ತಾರೆ. ಮುಚ್ಚಿದ ಬಾಗಿಲ ಹೊರಗೆ ದೇವರನ್ನು ನಿಲ್ಲಿಸುವ ಈ ವಿನೋದ ಬಹು ಹಳೆಯದು. ಒಂದು ಸಂಸ್ಕೃತ ಸುಭಾಷಿತದಲ್ಲಿ ಒಳಗಿನವಳು ಯಾರೆಂದು ಕೇಳುತ್ತಾಳೆ. ಅವನು ಮಾಧವ ಎಂದರೆ ವಸಂತ ಋತುವೇ ಎನ್ನುತ್ತಾಳೆ, ಚಕ್ರಿ ಎಂದರೆ ಕುಂಬಾರನೇ ಎನ್ನುತ್ತಾಳೆ, ಹರಿ ಎಂದರೆ ಕೋತಿಯೇ ಎನ್ನುತ್ತಾಳೆ. ಬಿರುದುಗಳು ಒಂದೊಂದಾಗಿ ಕಳಚಿಬೀಳುತ್ತವೆ. ಉಳಿಯುವವನು ಹೆಂಡತಿಯ ಮುಂದೆ ನೆಪ ಹುಡುಕುವ ಒಬ್ಬ ಗಂಡ. ಪಂಡಿತರು ಶ್ಲೇಷೆಯಿಂದ ಸಾಧಿಸಿದುದನ್ನು ನಮ್ಮ ದೂತಿ ಓಣಿಯ ಮಾತಿನಿಂದ ಸಾಧಿಸುತ್ತಾಳೆ.

ಈ ಮಾತುಗಳನ್ನು ಬರೆದು ಬಾಯಿಪಾಠ ಮಾಡಿಸಿದ್ದರೆ ಆಟ ಇಷ್ಟು ರುಚಿಸುತ್ತಿತ್ತೇ? ನನಗೆ ಹಾಗೆ ತೋರುವುದಿಲ್ಲ. ಪೇಚಾಟವೆಂದರೆ ಮುಂದಿನ ಮಾತು ತೋಚದೆ ನಿಲ್ಲುವುದು. ಬಾಯಿಪಾಠದ ನಟನು ತೋಚದವನಂತೆ ನಟಿಸಬೇಕಾಗುತ್ತದೆ. ಪಾರಿಜಾತದ ಕೃಷ್ಣನಿಗೆ ದೂತಿ ಏನು ಕೇಳುವಳೆಂಬುದು ನಿಜವಾಗಿಯೂ ಗೊತ್ತಿರುವುದಿಲ್ಲ. ಅವನು ಒಂದು ಕ್ಷಣ ತಡೆದರೆ ಆ ತಡೆ ಪಾತ್ರದ್ದೂ ಹೌದು, ನಟನದ್ದೂ ಹೌದು. ಜನ ಅದನ್ನು ಕಂಡುಹಿಡಿಯುತ್ತಾರೆ. ಅವನು ಚಮತ್ಕಾರವಾಗಿ ಪಾರಾದರೆ ಶಿಳ್ಳೆ. ಪಾರಾಗದಿದ್ದರೆ ಇನ್ನೂ ದೊಡ್ಡ ಶಿಳ್ಳೆ. ಅಮೆರಿಕದ ಧಾರಾವಾಹಿ ಮಾತನ್ನು ಬರೆಯದೆ ಬಿಡುವುದರ ಗುಟ್ಟೂ ಇದೇ ಇರಬೇಕು.

ಎರಡನೆಯ ಕಾರಣವೂ ಒಂದುಂಟು. ಎಡವಟ್ಟು ಎಂಬುದು ಊರೂರಿಗೆ ಬೇರೆ. ಒಂದು ಕಡೆ ಸಹಜವಾದುದು ಇನ್ನೊಂದು ಕಡೆ ಅಪಚಾರ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಆಂಧ್ರದ ಕೂಚಿಪೂಡಿಯವರ ಭಾಮಾಕಲಾಪದಲ್ಲಿ ನಿನ್ನ ಗಂಡನ ಹೆಸರೇನೆಂದು ಸಖಿ ಮಾಧವಿ ಕೆಣಕುತ್ತಾಳೆ. ಸತ್ಯಭಾಮೆ ನಾಚಿ ಸುತ್ತಿ ಬಳಸಿ ಹೇಳಬೇಕಾಗುತ್ತದೆ. ನಮ್ಮ ಕಡೆಯ ಹೆಂಗಸರು ಇದಕ್ಕೆ ಒಡಪು ಎಂಬ ಉಪಾಯವನ್ನೇ ಮಾಡಿಕೊಂಡರು: ಹೆಸರನ್ನು ಪ್ರಾಸದ ಪದರಿನಲ್ಲಿ ಅಡಗಿಸಿ ಹೇಳಿದರೆ ನಾಚಿಕೆಯೂ ಉಳಿಯಿತು, ಹೆಸರೂ ಹೊರಬಂತು. ಹೊಸ ಮದುವಣಗಿತ್ತಿಯನ್ನು ಹೊಸ್ತಿಲಲ್ಲಿ ತಡೆದು ಒಡಪು ಹೇಳಿಸುವಾಗ ಮನೆಯ ಹೆಂಗಸರೆಲ್ಲ ದೂತಿಯರೇ ಆಗುತ್ತಾರೆ. ಊರಿನ ಮರ್ಯಾದೆಯ ಗೆರೆ ಎಲ್ಲಿದೆಯೆಂಬುದನ್ನು ಅರಿತ ನಟನು ಮಾತ್ರ ಅದನ್ನು ನಗೆ ಬರುವಷ್ಟೇ ತುಳಿಯಬಲ್ಲ. ಬರೆದ ಮಾತಿಗೆ ಈ ಹದ ಸಿಕ್ಕುವುದಿಲ್ಲ. ಅದು ಎಲ್ಲ ಊರಿಗೂ ಒಂದೇ.

ಮೂರನೆಯದು ನಗೆಯ ದಿಕ್ಕು. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದುದು. ಪಾರಿಜಾತದಲ್ಲಿ ಫಜೀತಿಗೆ ಬೀಳುವವನು ಎಲ್ಲರಿಗಿಂತ ದೊಡ್ಡವನು. ಬೀಳಿಸುವವಳು ಎಲ್ಲರಿಗಿಂತ ಸಣ್ಣವಳು. ನಗೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಹಗಲೆಲ್ಲ ಧಣಿಯ ಮುಂದೆ ಕೈಕಟ್ಟಿ ನಿಂತು ಬಂದವನು ರಾತ್ರಿ ಈ ಆಟವನ್ನು ನೋಡುತ್ತಾನೆ; ದೇವರನ್ನೇ ತಡೆದು ನಿಲ್ಲಿಸುವ ಹೆಣ್ಣಾಳು ಅವನ ಪರವಾಗಿ ಮಾತಾಡುತ್ತಾಳೆ. ಹಾಗೆಂದು ದೇವರ ಮೇಲಿನ ಭಕ್ತಿ ಕುಂದುವುದಿಲ್ಲ. ಬೆಳಗಿನ ಹೊತ್ತಿಗೆ ಮುನಿಸು ತೀರುತ್ತದೆ, ಮಂಗಳವಾಗುತ್ತದೆ, ಅದೇ ಕೃಷ್ಣನಿಗೆ ಜನ ಕೈಮುಗಿಯುತ್ತಾರೆ. ಅವನು ಬಾಗಿಲಲ್ಲಿ ನಿಂತು ಬೈಸಿಕೊಂಡುದರಿಂದ ಅವರಿಗೆ ಹತ್ತಿರದವನಾದನು.

ಇದು ಪಾರಿಜಾತವೊಂದರ ಗುಣವಲ್ಲ. ನೆರೆಯ ಮರಾಠಿ ತಮಾಶಾದ ಗವಳಣಿಯಲ್ಲಿ ಹಾಲು ಮೊಸರು ಮಾರಹೊರಟ ಗೊಲ್ಲತಿಯರನ್ನು ಅಡ್ಡಗಟ್ಟಿದ ಕೃಷ್ಣನೂ ಅವನ ಗೆಳೆಯ ಪೆಂದ್ಯಾನೂ, ಆ ಹೆಂಗಸರ ಮುಂದಾಳಾದ ಮಾವಶಿಯ ಬಾಯಿಗೆ ಸಿಕ್ಕು ಒದ್ದಾಡುತ್ತಾರೆ. ನಮ್ಮ ವೃತ್ತಿರಂಗಭೂಮಿಯಲ್ಲಿ ಮಾಸ್ಟರ್ ಹಿರಣ್ಣಯ್ಯನವರು (1934-2019) 'ಲಂಚಾವತಾರ'ದಲ್ಲಿ ಅಂದಂದಿನ ವರ್ತಮಾನವನ್ನು ಮಾತಿಗೆ ಸೇರಿಸಿ ಅಧಿಕಾರಸ್ಥರನ್ನು ಕಟಕಿಯಾಡುತ್ತಿದ್ದರು. ಅಲ್ಲಿಯೂ ಮಾತು ಸ್ಥಳದಲ್ಲೇ ಹುಟ್ಟಿದುದು, ನಗೆ ಮೇಲಕ್ಕೆ ಏರಿದುದು.

ಇಂದಿನ ಟಿ.ವಿ. ಹಾಸ್ಯದ ಕೆಲವು ಕಾರ್ಯಕ್ರಮಗಳನ್ನು ಈ ಅಳತೆಯಿಂದ ಅಳೆದು ನೋಡಬೇಕು. ದಪ್ಪಗಿದ್ದವರು, ಕಪ್ಪಗಿದ್ದವರು, ಇಂಗ್ಲಿಷ್ ಬಾರದವರು, ಹಳ್ಳಿಯಿಂದ ಬಂದವರು, ಹೆಣ್ಣುಡುಗೆ ಉಟ್ಟವರು: ನಗೆಗೆ ಗುರಿಯಾಗುವವರು ಬಹುಮಟ್ಟಿಗೆ ಇವರೇ. ಇಲ್ಲಿ ಎಡವಿದವರು ಯಾರೂ ಇಲ್ಲ. ಹುಟ್ಟನ್ನೇ ಎಡವಟ್ಟೆಂದು ತೋರಿಸಲಾಗುತ್ತದೆ. ಮಾತು ಸ್ಥಳದಲ್ಲಿ ಹುಟ್ಟಿದುದೇ ಇರಬಹುದು, ಚುರುಕಾಗಿಯೂ ಇರಬಹುದು. ಆದರೆ ದಿಕ್ಕು ಬದಲಾಗಿದೆ. ಲ್ಯಾರಿ ಡೇವಿಡನ ಧಾರಾವಾಹಿಯನ್ನು ಮೆಚ್ಚುವವರು ಒಂದು ಸಂಗತಿಯನ್ನು ಗಮನಿಸಬೇಕು. ಅವನ ಪಾತ್ರ ಹಣವಂತ, ಹೆಸರುವಾಸಿ. ಮುಖಭಂಗವಾಗುವುದು ಹೆಚ್ಚಾಗಿ ಅವನಿಗೇ. ಸಾವಿರಾರು ಮೈಲಿಗಳ ಆಚೆಯೂ ಈ ಹಾಸ್ಯ ಗೆದ್ದುದು ದೂತಿಗೆ ಗೊತ್ತಿದ್ದ ದಾರಿಯಿಂದಲೇ.

ಬರೆಯದ ಮಾತಿಗೆ ಒಂದು ದೊಡ್ಡ ತೊಡಕೂ ಇದೆ. ಅದು ಆಡಿದ ರಾತ್ರಿಯೊಂದಿಗೆ ಮುಗಿದುಹೋಗುತ್ತದೆ. ಇಟಲಿಯಲ್ಲಿ ಇಂಥದೇ ಆಶುಹಾಸ್ಯದ ಮೇಳಗಳಿದ್ದವು. 1611ರಲ್ಲಿ ಫ್ಲಾಮಿನಿಯೊ ಸ್ಕಾಲಾ ಎಂಬ ನಟನು ಅವರ 50 ಆಟಗಳನ್ನು ಅಚ್ಚು ಮಾಡಿಸಿದನು. ಅದರಲ್ಲಿರುವುದು ಕಥೆಯ ಹಂದರ. ಜನರನ್ನು ನಗಿಸಿದ ಮಾತುಗಳಿಲ್ಲ. ಪಾರಿಜಾತದ ಗತಿಯೂ ಅದೇ. ಹಾಡುಗಳು ಬರಹಕ್ಕೆ ಇಳಿದಿವೆ, ಪಂಡಿತರು ಅವುಗಳ ರಾಗಗಳನ್ನು ಚರ್ಚಿಸುತ್ತಾರೆ. ಆದರೆ ಹಾಸನ್ನು ಮಾತ್ರ ಮಡಿಚಿಟ್ಟು ಇದೇ ಬಟ್ಟೆ ಎಂದರೆ ಬನಹಟ್ಟಿಯ ಮಕ್ಕಳೂ ಒಪ್ಪಲಾರರು.

ಆ ಮಾತನ್ನು ಹಿಡಿದಿಡುವ ಉಪಕರಣ ಇಂದು ಪ್ರತಿಯೊಬ್ಬನ ಜೇಬಿನಲ್ಲಿದೆ. ನಮ್ಮ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳು ಜಾತ್ರೆಗೆ ಹೋದಾಗ ಹಾಡು ಬಂದಾಗ ಮೊಬೈಲು ಎತ್ತಿ, ಮಾತು ಬಂದಾಗ ಇಳಿಸುತ್ತಾರೆ. ಅದನ್ನು ಇಳಿಸದೆ ಇಡೀ ರಾತ್ರಿಯ ಆಟವನ್ನು ಮುದ್ರಿಸಿಕೊಂಡು, ಯಾವ ಊರು, ಯಾವ ಜಾತ್ರೆ, ದೂತಿ ಯಾರು, ಭಾಗವತ ಯಾರು, ಜನ ಯಾವ ಮಾತಿಗೆ ನಕ್ಕರು ಎಂಬುದನ್ನು ಬರೆದಿಡಬೇಕು. ನೂರು ವರ್ಷಗಳ ತರುವಾಯ ಯಾರಾದರೂ ನಮ್ಮ ಮರ್ಯಾದೆಯ ಗೆರೆಗಳು ಎಲ್ಲೆಲ್ಲಿದ್ದವೆಂದು ತಿಳಿಯಬಯಸಿದರೆ, ಸರಕಾರದ ದಫ್ತರಕ್ಕಿಂತ ಆ ನಗೆಯೇ ಅವರಿಗೆ ಹೆಚ್ಚಿನದನ್ನು ಹೇಳೀತು. ಈ ಕೆಲಸಕ್ಕೆ ಹಣ ಬೇಕಿಲ್ಲ. ಬರುವ ಜಾತ್ರೆಯಿಂದಲೇ ಶುರುಮಾಡಬಹುದು.