ಕೋವಿಡ್ ಕಾಲದ ಸಂಗೀತ ಸಭೆ: ಸಾಂತಾಕ್ರೂಜ್‌ನಿಂದ ಒಂದು ನೋಟ

ಮುಂಬಯಿಯ ಸಾಂತಾಕ್ರೂಜ್ ಪೂರ್ವವು ತುಳು-ಕನ್ನಡಿಗರ ಕಲಾಚಟುವಟಿಕೆಗಳ ಮುಖ್ಯ ತಾಣಗಳಲ್ಲೊಂದು. ಪ್ರಭಾತ್ ಕಾಲೊನಿಯ ಪೇಜಾವರ ಮಠ, ಬಿಲ್ಲವರ ಅಸೋಸಿಯೇಶನ್‌ನ ಬಿಲ್ಲವ ಭವನ, ಕಲೀನಾದ ವಿದ್ಯಾನಗರಿಯಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇವೆಲ್ಲ ಇದೇ ಉಪನಗರದಲ್ಲಿವೆ. ರೈಲು ಹತ್ತಿದರೆ ಮಾಹಿಮ್‌ನ ಕರ್ನಾಟಕ ಸಂಘವಾಗಲಿ, ಮಾಟುಂಗಾದ ಮೈಸೂರು ಅಸೋಸಿಯೇಶನ್ ಆಗಲಿ ದೂರವಲ್ಲ. ಇಂತಹ ನೆರೆಹೊರೆಯಲ್ಲಿ ಹಾಡುಗಾರಿಕೆ ಎಂದರೆ ಕೇವಲ ವೇದಿಕೆಯ ಕಚೇರಿಯಲ್ಲ. ಭಜನೆ, ಹರಿಕಥೆ, ತಾಳಮದ್ದಳೆಗಳೂ ಅದರಲ್ಲಿ ಸೇರಿವೆ. ಕೋವಿಡ್ ಕಾಲವು ಇವುಗಳೆಲ್ಲವನ್ನೂ ಸಮಾನವಾಗಿ ಬಾಧಿಸಲಿಲ್ಲ. ಒಬ್ಬರು ಹಾಡಿ ಹಲವರು ಕೇಳುವ ಸಂಗೀತವು ಪರದೆಗೆ ಹೇಗೋ ಒಗ್ಗಿಕೊಂಡಿತು. ಹಲವರು ಕೂಡಿ ಹಾಡುವ ಸಂಗೀತಕ್ಕೆ ಅದು ಸಾಧ್ಯವಾಗಲಿಲ್ಲ.

2020ರ ಮಾರ್ಚ್ 25ರಂದು ರಾಷ್ಟ್ರವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಿತು. ಅಂದೇ ಯುಗಾದಿ. ಏಪ್ರಿಲ್ 2ರ ರಾಮನವಮಿಯೂ ಮನೆಯೊಳಗೇ ಕಳೆಯಿತು. ಸಭಾಗೃಹಗಳ ಬಳಿಕ ಲೋಕಲ್ ರೈಲೂ ನಿಂತಿತು. ಜೂನ್‌ನಲ್ಲಿ ಅದು ಮರಳಿ ಓಡತೊಡಗಿದರೂ ಅಗತ್ಯ ಸೇವೆಯವರಿಗಷ್ಟೇ ಪ್ರವೇಶವಿತ್ತು. ಮೃದಂಗ ನುಡಿಸುವುದು ಆ ಪಟ್ಟಿಯಲ್ಲಿ ಇರಲಿಲ್ಲ. ಅಕ್ಟೋಬರ್ 21ರಿಂದ ಮಹಿಳೆಯರಿಗೆ ದಟ್ಟಣೆಯಿಲ್ಲದ ವೇಳೆಯಲ್ಲಿ ಅನುಮತಿ ದೊರೆಯಿತು. ಗಾಯಕಿಗೆ ರೈಲು ಉಂಟು, ಆಕೆಗೆ ನುಡಿಸಬೇಕಾದ ವಾದಕನಿಗೆ ಇಲ್ಲ ಎಂಬ ವಿಚಿತ್ರ ಸ್ಥಿತಿ ಅದು. ಡೊಂಬಿವಲಿಯಲ್ಲೊಬ್ಬ, ಮೀರಾ ರೋಡಿನಲ್ಲೊಬ್ಬ ಎಂಬಂತೆ ಪಕ್ಕವಾದ್ಯದವರು ಚದುರಿಹೋಗಿರುವ ಈ ಮಹಾನಗರದಲ್ಲಿ ರೈಲಿಲ್ಲದೆ ಕಚೇರಿಯಿಲ್ಲ.

ಹೀಗಾಗಿ ಎಲ್ಲರೂ ಝೂಮ್, ಫೇಸ್‌ಬುಕ್, ಯೂಟ್ಯೂಬ್‌ಗಳತ್ತ ಹೊರಳಿದರು. ಅಲ್ಲಿ ಎದುರಾದ ಮೊದಲ ತೊಡಕು ತಂಬೂರಿಯದು. ಝೂಮ್ ರೂಪುಗೊಂಡದ್ದು ಮಾತುಕತೆಗಾಗಿ. ಏಕಸಮನಾಗಿ ಕೇಳಿಬರುವ ಧ್ವನಿಯನ್ನು ಅದು ಫ್ಯಾನಿನ ಸದ್ದಿನಂತೆ ಭಾವಿಸಿ ಅಡಗಿಸುತ್ತದೆ. ಶ್ರುತಿಯೇ ಅದಕ್ಕೆ ಗದ್ದಲ! ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆಯನ್ನು ಒತ್ತಿದ ಬಳಿಕವೇ ತಂಬೂರಿ ಕೇಳಿಸುವುದೆಂಬುದನ್ನು ಹಿರಿಯ ವಿದ್ವಾಂಸರು ಮೊಮ್ಮಕ್ಕಳಿಂದ ಕಲಿಯಬೇಕಾಯಿತು.

ಎರಡನೆಯ ತೊಡಕು ವಿಳಂಬ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಹತ್ತು ಮೀಟರ್ ಅಂತರದಲ್ಲಿ ಕುಳಿತವರ ನಡುವೆ ಸುಮಾರು 30 ಮಿಲಿಸೆಕೆಂಡುಗಳ ವ್ಯತ್ಯಾಸ. ಅದಕ್ಕಿಂತ ಹೆಚ್ಚಾದರೆ ಲಯ ಜಾರತೊಡಗುತ್ತದೆ. ಅಂತರ್ಜಾಲದ ಕರೆಯಲ್ಲಿ ಈ ವಿಳಂಬ ನೂರು ಮಿಲಿಸೆಕೆಂಡುಗಳನ್ನು ಸುಲಭವಾಗಿ ದಾಟುತ್ತದೆ. ಗುರು ತಾಳ ಹಾಕಿ ಶಿಷ್ಯ ಅದಕ್ಕೆ ಹಾಡುವುದು ಅಸಾಧ್ಯವಾದುದರಿಂದ ಪಾಠದ ಕ್ರಮವೇ ಬದಲಾಯಿತು: ಶ್ರುತಿಪೆಟ್ಟಿಗೆ ಶಿಷ್ಯನ ಬಳಿಯಲ್ಲಿ, ತಾಳ ಶಿಷ್ಯನ ಕೈಯಲ್ಲಿ, ಗುರು ಹೇಳಿ ನಿಲ್ಲಿಸಿ, ಬಳಿಕ ಕೇಳುವುದು.

ಕಚೇರಿಗೆ ಕಂಡುಕೊಂಡ ಉಪಾಯವೆಂದರೆ ಪದರ ಪದರವಾದ ಧ್ವನಿಮುದ್ರಣ. ಗಾಯಕರು ಯಾಂತ್ರಿಕ ತಾಳಕ್ಕೆ ಹಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವರು; ಪಿಟೀಲು, ಮೃದಂಗದವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅದಕ್ಕೆ ತಮ್ಮ ಪಾಲನ್ನು ಸೇರಿಸುವರು. ಒಂದು ಕೀರ್ತನೆಗೆ ಇದು ಸಾಕು. ಆದರೆ ಕಲ್ಪನಾಸ್ವರಕ್ಕೆ ಸಾಲದು. ಗಾಯಕನ ಹೊಸ ಲೆಕ್ಕಾಚಾರಕ್ಕೆ ವಾದಕನು ಆ ಕ್ಷಣದಲ್ಲಿ ಕೊಡುವ ಉತ್ತರವೇ ಅದರ ಜೀವಾಳ. ಮುಗಿದುಹೋದ ಹಾಡಿಗೆ ಉತ್ತರ ಕೊಟ್ಟರೆ ಕೇಳುವವರು ಯಾರು? ಮನೆಯಿಂದ ಬಂದ ಅಂತಹ ಮುದ್ರಿಕೆಗಳು ನಾಲ್ಕೈದು ನಿಮಿಷಗಳಿಗೆ ಸೀಮಿತವಾದುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಭಜನೆಗೆ ಈ ಉಪಾಯವೂ ಇರಲಿಲ್ಲ. ಮೂವತ್ತು ಮನೆಗಳಿಂದ ಒಟ್ಟಿಗೆ ದನಿಗೂಡಿಸಿದರೆ ಮೂವತ್ತು ಕಾಲಗಳಲ್ಲಿ ‘ವಿಠಲ’ ಕೇಳಿಸುತ್ತದೆ. ಆದ್ದರಿಂದ ಒಬ್ಬರು ಹಾಡುವುದು, ಉಳಿದವರು ಮೈಕ್ ಮುಚ್ಚಿ ತಮ್ಮಷ್ಟಕ್ಕೆ ತಾಳ ತಟ್ಟುವುದು ಎಂಬ ಪದ್ಧತಿ ನೆಲೆಗೊಂಡಿತು. ಪರದೆಯಲ್ಲಿ ತುಟಿಗಳಷ್ಟೇ ಚಲಿಸುತ್ತಿದ್ದವು. ಉಡುಪಿಯ ಅತ್ತೆ, ದುಬೈಯ ಮಗಳು ಒಂದೇ ಸಂಜೆ ಕೂಡಿಕೊಳ್ಳುವ ಸೌಭಾಗ್ಯ ಇದರಿಂದಲೇ ಲಭಿಸಿತೆಂಬುದೂ ನಿಜ.

ಯಕ್ಷಗಾನದ ಕಷ್ಟ ಇನ್ನೊಂದು ಬಗೆಯದು. ಊರಿನ ಮೇಳಗಳು ಪತ್ತನಾಜೆಗೆ ತಿರುಗಾಟ ಮುಗಿಸಿದ ಬಳಿಕ ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬರುವುದು ವಾಡಿಕೆ. 2020ರಲ್ಲಿ ತಿರುಗಾಟ ಮಾರ್ಚ್‌ನಲ್ಲಿಯೇ ನಿಂತಿತು. ಮಳೆಗಾಲದಲ್ಲಿ ಇಲ್ಲಿನ ಸಭಾಗೃಹಗಳಿಗೆ ಬೀಗ. ಎರಡೂ ಕಡೆಯ ಸಂಪಾದನೆ ಹೋಯಿತು. ಕುಣಿತಕ್ಕೆ ಚೆಂಡೆ ಒದಗಬೇಕಾದುದರಿಂದ ಆಟವನ್ನು ಮನೆಮನೆಗೆ ಹಂಚಲಾಗದು. ವೇಷವಿಲ್ಲದ, ಮಾತೇ ಮುಖ್ಯವಾದ ತಾಳಮದ್ದಳೆಗೆ ಮಾತ್ರ ಪರದೆ ಅಷ್ಟು ತೊಡಕಲ್ಲ. ಹಿಮ್ಮೇಳ ಒಂದೆಡೆ ಕುಳಿತರೆ ಅರ್ಥಧಾರಿಗಳು ಎಲ್ಲಿಂದಲಾದರೂ ಮಾತನಾಡಬಹುದು. 2021ರ ಮೇಯಲ್ಲಿ ಕರ್ನಾಟಕ ಸರಕಾರವು ಕಲಾವಿದರಿಗೆ ತಲಾ 3,000 ರೂಪಾಯಿಗಳ ನೆರವು ಘೋಷಿಸಿತು.

ದೊಡ್ಡ ಉತ್ಸವಗಳೂ ಇದಕ್ಕೆ ಹೊರತಾಗಲಿಲ್ಲ. ಚೆನ್ನೈಯ ಮ್ಯೂಸಿಕ್ ಅಕಾಡೆಮಿ 2020ರ ಡಿಸೆಂಬರ್ ಉತ್ಸವವನ್ನು ಮೊಟಕುಗೊಳಿಸಿ ಅಂತರ್ಜಾಲದಲ್ಲಿ ನಡೆಸಿತು. ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಯಲ್ಲಿ 1953ರಿಂದ ಪುಣೆಯಲ್ಲಿ ನಡೆದುಬಂದ ಮಹೋತ್ಸವವು 2019ರ ಬಳಿಕ ಮತ್ತೆ ನಡೆದದ್ದು 2022ರ ಡಿಸೆಂಬರ್‌ನಲ್ಲಿ. ಗದಗಿನ ಭೀಮಸೇನ ಜೋಶಿಯವರ ಜನ್ಮಶತಾಬ್ದಿ ಈ ನಡುವೆಯೇ ಬಂದುಹೋಯಿತು.

ಮಹಾರಾಷ್ಟ್ರದಲ್ಲಿ 2020ರ ನವೆಂಬರ್ 5ರಿಂದ ರಂಗಮಂದಿರಗಳು ಅರ್ಧ ಆಸನಗಳೊಂದಿಗೆ, 16ರಿಂದ ದೇವಾಲಯಗಳು ತೆರೆದವು. 2021ರ ಏಪ್ರಿಲ್‌ನಲ್ಲಿ ಮರಳಿ ಮುಚ್ಚಿ, ಅಕ್ಟೋಬರ್‌ನಲ್ಲಿ ಪುನಃ ತೆರೆದವು. ಉಳಿದ ನಿರ್ಬಂಧಗಳು ತೆರವಾದದ್ದು 2022ರ ಏಪ್ರಿಲ್ 1ರಂದು, ಯುಗಾದಿಯ ಮುನ್ನಾದಿನ.

ನೇರ ಪ್ರಸಾರದ ರೂಢಿ ಅನಂತರವೂ ಉಳಿದಿದೆ. ಮೆಟ್ಟಿಲಿಳಿಯಲಾಗದ ಹಿರಿಯರಿಗೆ ಅದು ದೊಡ್ಡ ಉಪಕಾರ. ಆದರೆ ಸಂಘಟಕರು ಎರಡು ಸಂಗತಿಗಳನ್ನು ಗಮನಿಸಬೇಕು. ಮೊಬೈಲನ್ನು ಸಭೆಯ ಹಿಂದೆ ನಿಲ್ಲಿಸಿ ಧ್ವನಿ ಹಿಡಿಯುವ ಬದಲು ಧ್ವನಿವರ್ಧಕದ ಮಿಕ್ಸರ್‌ನಿಂದಲೇ ತಂತಿ ಎಳೆದರೆ ತಂಬೂರಿಯೂ ಕೇಳಿಸೀತು. ಪ್ರಸಾರ ಮಾಡುವುದಿದ್ದರೆ ಅದನ್ನು ಮೊದಲೇ ತಿಳಿಸಿ, ಪಕ್ಕವಾದ್ಯದವರನ್ನೂ ಸೇರಿಸಿ, ಸಂಭಾವನೆಯಲ್ಲಿ ಲೆಕ್ಕ ಹಿಡಿಯಬೇಕು.