ದುರ್ವಾಸನೆ ಮರದ ವಂಶಾವಳಿ

ಮುಂಬಯಿಯ ಅಂಚೆ ಅಧಿಕಾರಿ ಜಾನ್ ಗ್ರಹಾಂ ಸಿದ್ಧಪಡಿಸಿದ ಸಸ್ಯಪಟ್ಟಿ 1839ರಲ್ಲಿ ಅಚ್ಚಾಯಿತು. ಮುದ್ರಣ ಮುಗಿಯುವ ಮೊದಲೇ ಅವರು ತೀರಿಕೊಂಡರು. ಉಳಿದ ಪುಟಗಳನ್ನು ಪೂರೈಸಿದವರು ಅವರ ಗೆಳೆಯ ಜೋಸೆಫ್ ನಿಮ್ಮೊ. ಆ ಪಟ್ಟಿಯಲ್ಲಿ ನಿಮ್ಮೊ ಹೆಸರು ಹೊತ್ತ ಗಿಡವೊಂದಿದೆ: ಪ್ರೆಮ್ನಾ ನಿಮ್ಮೋನಿಯಾನಾ. ನಮ್ಮ ಖಾನಾಪುರ ಕಾಡಿನ ದುರ್ವಾಸನೆ ಮರವೇ ಅದು.

ಬೆಳಗಾವಿಯಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಾಗ ಮಕ್ಕಳನ್ನು ಜಾಂಬೋಟಿ, ಕಣಕುಂಬಿ ಕಡೆ ಕರೆದೊಯ್ಯುತ್ತಿದ್ದೆ. ಹೂವಿನ ನಾತಕ್ಕೆ ಅವರು ಮೂಗು ಮುಚ್ಚಿಕೊಂಡರೂ ನಾನು ಬಿಡುತ್ತಿರಲಿಲ್ಲ. ಬಿಡಿಸಿ ನೋಡಿ ಎನ್ನುತ್ತಿದ್ದೆ. ಐದು ದಳ, ಒಳಮೈಯಲ್ಲೆಲ್ಲ ರೋಮ. ಕೇಸರಗಳೂ ಐದು, ದಳಗಳ ನಡುವಿನ ಸಂದಿಗೆ ಎದುರಾಗಿ. ಅಂಡಾಶಯಕ್ಕೆ ಒಂದೇ ಕೋಣೆ, ಜೋತುಬಿದ್ದ ಎರಡು ಅಂಡಕ. ಹಣ್ಣಾದಾಗ ಉಳಿಯುವುದು ಒಂದೇ ಬೀಜ. ಇವು ಇಕಾಸಿನೇಸಿ ಕುಟುಂಬದ ಗುರುತುಗಳು.

ಈ ಕುಟುಂಬಕ್ಕೆ 1851ರಲ್ಲಿ ಪ್ರತ್ಯೇಕ ಸ್ಥಾನ ಕೊಟ್ಟವರು ಸಸ್ಯಶಾಸ್ತ್ರಜ್ಞ ಜಾನ್ ಮೈಯರ್ಸ್. ಆದರೂ ಸಸ್ಯಶಾಸ್ತ್ರಜ್ಞ ಹೂಕರ್ ಅವರ 1875ರ ಗ್ರಂಥದಲ್ಲಿ ಮರ ಒಲಕೇಸಿ ಕುಟುಂಬದೊಳಗೇ ಇತ್ತು, ಮಾಪಿಯಾ ಫೀಟಿಡಾ ಎಂಬ ಹೆಸರಿನಲ್ಲಿ. 1980ರಲ್ಲಿ ಸಸ್ಯಶಾಸ್ತ್ರಜ್ಞ ಮ್ಯಾಬರ್ಲಿ ಅವರಿಂದ ನೊತಾಪೊಡೈಟಿಸ್ ನಿಮ್ಮೋನಿಯಾನಾ ಆಯಿತು. ಸುಮಾರು ಐವತ್ತು ಕುಲಗಳಿದ್ದ ಇಕಾಸಿನೇಸಿ, ಡಿಎನ್‌ಎ ಪರೀಕ್ಷೆಗಳ ನಂತರ ಅರ್ಧಕ್ಕೆ ಇಳಿಯಿತು. ಗೊಂಫಾಂಡ್ರಾ, ಅಪೊಡೈಟಿಸ್‌ಗಳು ಬೇರೆ ಕುಟುಂಬಗಳಿಗೆ ಹೋದವು. ನಮ್ಮ ಮರ ಅಲ್ಲೇ ಉಳಿಯಿತು.

ಅಮೆರಿಕದ ವಾಲ್ ಮತ್ತು ವಾನಿ 1966ರಲ್ಲಿ ಚೀನಾದ ಮರವೊಂದರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಕಂಡುಹಿಡಿದಿದ್ದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತು ಮಾಪಿಯಾದಲ್ಲೂ, ಅಂದರೆ ನಮ್ಮ ಮರದಲ್ಲೂ, ಇದೆ ಎಂದು ತೋರಿಸಿದರು. ಅದರಿಂದ ಹುಟ್ಟಿದ ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಕ್ಯಾನ್ಸರ್ ಔಷಧಿಗಳಿಗೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆಮೇಲೆ ಪಶ್ಚಿಮ ಘಟ್ಟಕ್ಕೆ ಕೊಡಲಿ ಬಂತು. ಯಾರೂ ಕೇಳದಿದ್ದ ಮರ ತೂಕಕ್ಕೆ ಮಾರಾಟವಾಯಿತು. ಬೇರಿನಲ್ಲೂ ಔಷಧಾಂಶ ಹೇರಳವಾಗಿದ್ದುದರಿಂದ ಬುಡಸಮೇತ ಕಿತ್ತರು. ನೆಲದಿಂದ ಸ್ವಲ್ಪ ಮೇಲೆ ಕಡಿದರೆ ಮತ್ತೆ ಚಿಗುರುವ ಮರ ಇದು. ಬೇರನ್ನೇ ಕಿತ್ತರೆ ಚಿಗುರುವುದೆಲ್ಲಿಂದ?

ನಮ್ಮ ಖಾನಾಪುರದ ಭೀಮಗಡ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ಧಾಮದ ಗಡಿಯಾಚೆಗಿನ ಮರಗಳನ್ನು ಉಳಿಸಬೇಕಾದವರು ನಾವೇ. ಖಾನಾಪುರದ ರೈತ ಬಂಧುಗಳೇ, ಹೊಲದ ಅಂಚಿನಲ್ಲಿ ಈ ಸಸಿ ನೆಡಿ. ಕಾಡಿನ ಮರದ ಬೇರಿಗೆ ಮಾತ್ರ ಗುದ್ದಲಿ ಹಾಕಬೇಡಿ, ಹಾಕಲು ಬಿಡಲೂಬೇಡಿ.