ವಿಭಾಜಕ ನಿಯಮದಿಂದ ರೇಖಾತ್ಮಕ ಸಮೀಕರಣಗಳನ್ನು ಬಿಡಿಸುವುದು

ವಿಭಾಜಕ ನಿಯಮದಿಂದ ರೇಖಾತ್ಮಕ ಸಮೀಕರಣಗಳನ್ನು ಬಿಡಿಸುವುದು ಬೀಜಗಣಿತದ ಮೂಲ ವಿಧಾನಗಳಲ್ಲೊಂದು. ಸಮೀಕರಣದಲ್ಲಿ ಆವರಣವಿದ್ದರೆ, ಹೊರಗಿನ ಸಂಖ್ಯೆಯಿಂದ ಒಳಗಿನ ಪ್ರತಿಯೊಂದು ಪದವನ್ನೂ ಗುಣಿಸಿ ಆವರಣವನ್ನು ತೆಗೆಯಲಾಗುತ್ತದೆ. ನಿಯಮದ ಸಾಮಾನ್ಯ ರೂಪ:

ಅ × (ಬ + ಕ) = ಅ × ಬ + ಅ × ಕ

ಹಿನ್ನೆಲೆ

ಈ ನಿಯಮವನ್ನು ಆಧರಿಸಿದ ಗುಣಾಕಾರ ಕ್ರಮವು ಭಾರತೀಯ ಗಣಿತದಲ್ಲಿ ‘ಖಂಡಗುಣನ’ ಎಂದು ಪ್ರಸಿದ್ಧವಾಗಿದೆ. ಕ್ರಿ.ಶ. 628ರಲ್ಲಿ ರಚಿತವಾದ ಬ್ರಹ್ಮಗುಪ್ತನ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಇದರ ಉಲ್ಲೇಖವಿದೆ. 1114ರಲ್ಲಿ ಜನಿಸಿದ ಭಾಸ್ಕರಾಚಾರ್ಯರು ‘ಲೀಲಾವತಿ’ಯಲ್ಲಿ 135ನ್ನು 12ರಿಂದ ಗುಣಿಸುವಾಗ 12ನ್ನು 8 ಮತ್ತು 4 ಎಂದು ಒಡೆಯುವ ಕ್ರಮವನ್ನು ತೋರಿಸಿದ್ದಾರೆ: 1080 + 540 = 1620. ಅವರ ‘ಬೀಜಗಣಿತ’ದಲ್ಲಿ ಅಜ್ಞಾತ ರಾಶಿಗೆ ‘ಯಾವತ್ತಾವತ್’ ಎಂಬ ಹೆಸರಿದ್ದು, ‘ಯಾ’ ಎಂಬುದು ಅದರ ಸಂಕೇತವಾಗಿದೆ. ಈ ಲೇಖನದಲ್ಲಿಯೂ ಚರಾಕ್ಷರವನ್ನು ‘ಯಾ’ ಎಂದೇ ಬರೆಯಲಾಗಿದೆ.

ಬಿಡಿಸುವ ಕ್ರಮ

1. ವಿಭಾಜಕ ನಿಯಮವನ್ನು ಅನ್ವಯಿಸಿ ಆವರಣವನ್ನು ತೆಗೆಯಬೇಕು.
2. ಸಜಾತಿ ಪದಗಳನ್ನು ಕೂಡಿಸಬೇಕು.
3. ಚರಾಕ್ಷರವುಳ್ಳ ಪದಗಳನ್ನು ಒಂದು ಬದಿಗೂ ಸ್ಥಿರಾಂಕಗಳನ್ನು ಇನ್ನೊಂದು ಬದಿಗೂ ತರಬೇಕು.
4. ಚರಾಕ್ಷರದ ಸಹಗುಣಕದಿಂದ ಎರಡೂ ಬದಿಗಳನ್ನು ಭಾಗಿಸಬೇಕು.
5. ದೊರೆತ ಬೆಲೆಯನ್ನು ಮೂಲ ಸಮೀಕರಣದಲ್ಲಿ ಆದೇಶಿಸಿ ತಾಳೆ ನೋಡಬೇಕು.

ಉದಾಹರಣೆ:

3(ಯಾ + 4) = 27
3ಯಾ + 12 = 27
3ಯಾ = 15
ಯಾ = 5

ತಾಳೆ: 3 × (5 + 4) = 27. ಇಲ್ಲಿ 27 ಎಂಬುದು 3ರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ, ಮೊದಲೇ ಎರಡೂ ಬದಿಗಳನ್ನು 3ರಿಂದ ಭಾಗಿಸಿ ಯಾ + 4 = 9 ಎಂದೂ ಬರೆಯಬಹುದು. ಆವರಣದ ಹೊರಗೆ ಬೇರೆ ಪದಗಳೂ ಇದ್ದಾಗ ವಿಭಾಜಕ ನಿಯಮವೇ ಹೆಚ್ಚು ಅನುಕೂಲಕರ.

ಋಣ ಚಿಹ್ನೆ

ಆವರಣದ ಹಿಂದೆ ಋಣ ಚಿಹ್ನೆಯಿದ್ದರೆ ಒಳಗಿನ ಎಲ್ಲ ಪದಗಳ ಚಿಹ್ನೆಗಳೂ ಬದಲಾಗುತ್ತವೆ.

5ಯಾ − 2(ಯಾ − 3) = 21
5ಯಾ − 2ಯಾ + 6 = 21
3ಯಾ = 15
ಯಾ = 5

ಎರಡನೆಯ ಹಂತದಲ್ಲಿ +6ರ ಬದಲು −6 ಎಂದು ಬರೆದರೆ ಯಾ = 9 ಎಂಬ ತಪ್ಪು ಉತ್ತರ ಬರುತ್ತದೆ. ಅದನ್ನು ಮೂಲ ಸಮೀಕರಣದಲ್ಲಿ ಆದೇಶಿಸಿದಾಗ ಎಡಬದಿಯು 33 ಆಗುವುದರಿಂದ ತಪ್ಪು ಬಯಲಾಗುತ್ತದೆ.

ವ್ಯಾವಹಾರಿಕ ಅನ್ವಯ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಬೆಳೆಯುವ ವರ್ಜೀನಿಯಾ ಹೊಗೆಸೊಪ್ಪು ದರ್ಜೆಗೆ ತಕ್ಕಂತೆ ಬೇರೆ ಬೇರೆ ದರಕ್ಕೆ ಹರಾಜಾಗುತ್ತದೆ. ಲೆಕ್ಕಕ್ಕಾಗಿ ಮೇಲ್ದರ್ಜೆಯ ಸೊಪ್ಪಿನ ದರ ಕಿಲೋಗೆ 250 ರೂಪಾಯಿ, ಕೆಳದರ್ಜೆಯದು 200 ರೂಪಾಯಿ ಎಂದಿಟ್ಟುಕೊಳ್ಳೋಣ. ಕೆಳದರ್ಜೆಯ ಸೊಪ್ಪು 40 ಕಿಲೋ ಹೆಚ್ಚಿದ್ದು, ರೈತನಿಗೆ ಒಟ್ಟು 53,000 ರೂಪಾಯಿ ಬಂದಿದ್ದರೆ, ಮೇಲ್ದರ್ಜೆಯ ಸೊಪ್ಪಿನ ತೂಕವೆಷ್ಟು?

250ಯಾ + 200(ಯಾ + 40) = 53000
250ಯಾ + 200ಯಾ + 8000 = 53000
450ಯಾ = 45000
ಯಾ = 100

ಅಂದರೆ ಮೇಲ್ದರ್ಜೆಯ ಸೊಪ್ಪು 100 ಕಿಲೋ, ಕೆಳದರ್ಜೆಯದು 140 ಕಿಲೋ. ತಾಳೆ: 25,000 + 28,000 = 53,000. ಆವರಣದೊಳಗಿನ 40ನ್ನು 200ರಿಂದ ಗುಣಿಸದೆ ಹಾಗೆಯೇ ಬಿಟ್ಟರೆ ಉತ್ತರವು ಸುಮಾರು 117.7 ಕಿಲೋ ಆಗುತ್ತದೆ. ಹೆಚ್ಚುವರಿ 40 ಕಿಲೋಗಳಲ್ಲಿ ಪ್ರತಿಯೊಂದಕ್ಕೂ 200 ರೂಪಾಯಿ ಸಲ್ಲುವುದರಿಂದ, ಹೊರಗಿನ ಗುಣಕವು ಒಳಗಿನ ಎರಡೂ ಪದಗಳಿಗೆ ಅನ್ವಯಿಸಲೇಬೇಕು.